ಕೊಳ್ಳುವವರು ಯಾರು, ಓದುವವರು ಯಾರು?

ಪುಸ್ತಕ ಬಿಡುಗಡೆಯ ಸಮಾರಂಭಗಳಲ್ಲಿ ಅಧ್ಯಕ್ಷರ ಬಾಯಿಂದ ಬರುವ ಮಾತು ಎರಡು ಬಗೆಯದು. ‘ಈಗ ಓದುವವರೇ ಇಲ್ಲ’ ಎಂಬುದು ಒಂದು. ‘ಜಗತ್ತಿನಲ್ಲೇ ಅತಿ ಹೆಚ್ಚು ಓದುವವರು ಭಾರತೀಯರು’ ಎಂಬುದು ಇನ್ನೊಂದು. ಒಮ್ಮೊಮ್ಮೆ ಒಂದೇ ಭಾಷಣದಲ್ಲಿ ಎರಡೂ ಬರುವುದುಂಟು. ಸಭಿಕರು ಎರಡಕ್ಕೂ ಚಪ್ಪಾಳೆ ತಟ್ಟುವುದೂ ಉಂಟು.

ಎರಡನೆಯ ಮಾತಿಗೆ ಆಧಾರ ಒಂದು ಅಂಕಿ. 2005ರಲ್ಲಿ ಎನ್‌ಓಪಿ ವರ್ಲ್ಡ್ ಎಂಬ ಸಮೀಕ್ಷೆಯ ಸಂಸ್ಥೆಯೊಂದು 30 ದೇಶಗಳಲ್ಲಿ ಸುಮಾರು 30,000 ಜನರನ್ನು ಕಂಡು, ವಾರಕ್ಕೆ ಎಷ್ಟು ಹೊತ್ತು ಓದುತ್ತೀರಿ ಎಂದು ವಿಚಾರಿಸಿತು. ಭಾರತೀಯರು ಕೊಟ್ಟ ಉತ್ತರದ ಸರಾಸರಿ 10.7 ಗಂಟೆ, ಪಟ್ಟಿಯಲ್ಲಿ ಮೊದಲ ಸ್ಥಾನ. ಅಮೆರಿಕದವರು 5.7, ಬ್ರಿಟನ್ನಿನವರು 5.3, ಜಪಾನಿನವರು 4.1. ಇಪ್ಪತ್ತು ವರ್ಷ ಕಳೆದ ಮೇಲೂ ಈ ಅಂಕಿಗೆ ನಿವೃತ್ತಿಯಾಗಿಲ್ಲ. ಪತ್ರಿಕೆಗಳಲ್ಲಿ, ಭಾಷಣಗಳಲ್ಲಿ ಅದು ಇಂದಿಗೂ ದುಡಿಯುತ್ತಿದೆ.

ಇದನ್ನು ಕೊಂಚ ಬಿಡಿಸಿ ನೋಡೋಣ. ವಾರಕ್ಕೆ 10.7 ಗಂಟೆ ಎಂದರೆ ದಿನಕ್ಕೆ ಒಂದೂವರೆ ಗಂಟೆ. ಗಂಟೆಗೆ ಮೂವತ್ತು ಪುಟವೆಂದು ಹಿಡಿದರೂ ವಾರಕ್ಕೊಂದು ದಪ್ಪ ಕಾದಂಬರಿ, ವರ್ಷಕ್ಕೆ ಐವತ್ತು. ಅತ್ತ 2011ರ ಜನಗಣತಿಯ ಪ್ರಕಾರ ಕನ್ನಡ ತಾಯ್ನುಡಿಯವರು 4.37 ಕೋಟಿ. ಒಂದು ಹೊಸ ಕನ್ನಡ ಪುಸ್ತಕದ ವಾಡಿಕೆಯ ಮುದ್ರಣ ಒಂದು ಸಾವಿರ ಪ್ರತಿ. ಅದೂ ಕೆಲವು ವರ್ಷ ಗೋದಾಮಿನಲ್ಲಿ ಕೊಳೆಯುತ್ತದೆ. ನಲವತ್ಮೂರು ಸಾವಿರ ಕನ್ನಡಿಗರಿಗೆ ಒಂದು ಪ್ರತಿ ಎಂದಾಯಿತು. ಎರಡು ಲೆಕ್ಕಗಳೂ ಒಂದೇ ಭೂಮಿಯ ಮೇಲೆ ನಿಲ್ಲುವಂತಿಲ್ಲ.

ಗುಟ್ಟೇನೆಂದರೆ, ಆ ಗಂಟೆಗಳು ಜನರೇ ತಮ್ಮ ಬಗ್ಗೆ ಹೇಳಿಕೊಂಡವು. ಪ್ರಯಾಣಭತ್ಯೆಯ ಬಿಲ್ಲುಗಳನ್ನು ಇಪ್ಪತ್ತು ವರ್ಷ ಪರಿಶೀಲಿಸಿದ ನಮ್ಮಂಥವರಿಗೆ ಸ್ವಯಂ ಘೋಷಣೆಯ ಬೆಲೆ ಎಷ್ಟೆಂದು ಬೇರೆಯವರು ಹೇಳಬೇಕಾಗಿಲ್ಲ. ಮೇಲಾಗಿ, ಅಲ್ಲಿ ಓದು ಎಂದರೆ ಪುಸ್ತಕವೆಂದೇ ಅರ್ಥವಿರಲಿಲ್ಲ. ದಿನಪತ್ರಿಕೆ, ವಾರಪತ್ರಿಕೆ ಎಲ್ಲವೂ ಸೇರಿದ್ದವು. ನ್ಯಾಷನಲ್ ಬುಕ್ ಟ್ರಸ್ಟ್ 2009ರಲ್ಲಿ ಎನ್‌ಸಿಎಇಆರ್ ಮೂಲಕ ದೇಶದ ಯುವಜನರ ನಡುವೆ ನಡೆಸಿದ ಸಮೀಕ್ಷೆ ಹೆಚ್ಚು ನಂಬತಕ್ಕದ್ದು. ಅಕ್ಷರ ಬಲ್ಲ ತರುಣರಲ್ಲಿ ಪಠ್ಯಪುಸ್ತಕದ ಆಚೆಗೆ ಓದುವವರು ನಾಲ್ವರಲ್ಲಿ ಒಬ್ಬರು ಎಂದು ಅದು ಹೇಳಿತು. ಈ ಒಬ್ಬನನ್ನು ಕಂಡು ಮರುಗುವವರು ಮರುಗಲಿ. ನಾಲ್ವರಲ್ಲಿ ಒಬ್ಬ ಎಂದರೆ ಎಂಟು ಕೋಟಿಗೂ ಮೀರಿದ ತರುಣರು. ಅವರು ಏನನ್ನು, ಎಲ್ಲಿಂದ ಪಡೆದು ಓದುತ್ತಾರೆ ಎಂಬುದೇ ಕೇಳಬೇಕಾದ ಪ್ರಶ್ನೆ.

ಮೊದಲು ಪಠ್ಯದ ಮಾತು. ನಮ್ಮ ದೇಶದಲ್ಲಿ ಪುಸ್ತಕದ ವ್ಯಾಪಾರವೆಂದರೆ ಬಹುಪಾಲು ಶಾಲಾ ಪುಸ್ತಕ ಮತ್ತು ಪರೀಕ್ಷೆಯ ಪುಸ್ತಕದ ವ್ಯಾಪಾರ. ದಿಲ್ಲಿಯ ನಯೀ ಸಡಕ್, ಬೆಂಗಳೂರಿನ ಅವೆನ್ಯೂ ರಸ್ತೆ ಬದುಕಿರುವುದೇ ಅದರಿಂದ. 1978ರಲ್ಲಿ ಆಗ್ರಾದಿಂದ ಹೊರಟ ‘ಪ್ರತಿಯೋಗಿತಾ ದರ್ಪಣ’ವನ್ನು ಓದಿ ಗುಮಾಸ್ತರಾದವರ, ಅಧಿಕಾರಿಗಳಾದವರ ಸಂಖ್ಯೆ ಸಣ್ಣದಲ್ಲ. ಇವರೆಲ್ಲರೂ ಕೊಂಡು ಓದಿದವರೇ. ಅಡಿಗೆರೆ ಎಳೆದು ಓದಿದವರು. ಆದರೆ ನೇಮಕಾತಿಯ ಪತ್ರ ಬಂದ ವಾರವೇ ಆ ಪುಸ್ತಕಗಳು ರದ್ದಿಯವನ ತಕ್ಕಡಿ ಏರುತ್ತವೆ. ದರಿಯಾಗಂಜಿನ ಭಾನುವಾರದ ಸಂತೆಯಲ್ಲಿ (2019ರಲ್ಲಿ ಹೈಕೋರ್ಟಿನ ಆದೇಶದ ನಂತರ ಅದು ಪಾದಚಾರಿ ಹಾದಿಯಿಂದ ಮಹಿಳಾ ಹಾಟ್‌ಗೆ ಸ್ಥಳಾಂತರವಾಯಿತು) ಹೆಸರು ಬರೆದ ಮೊದಲ ಹಾಳೆಯನ್ನು ಹರಿದ ಇಂಥ ಪುಸ್ತಕಗಳು ರಾಶಿ ರಾಶಿ ಸಿಗುತ್ತವೆ. ಏಣಿ ಹತ್ತಿದ ಮೇಲೆ ಏಣಿಯನ್ನು ಮನೆಯೊಳಗೆ ಇಟ್ಟುಕೊಳ್ಳುವವರುಂಟೆ? ನಮ್ಮ ಮಧ್ಯಮ ವರ್ಗ ಪುಸ್ತಕವನ್ನು ಕಂಡದ್ದು ಹೀಗೆ. ಆದ್ದರಿಂದಲೇ ಪಿಂಚಣಿ ಬರುತ್ತಿರುವ ಮನುಷ್ಯ ಕಾದಂಬರಿ ಕೊಂಡರೆ ಮನೆಯವರಿಗೆ ಅದು ಯಾವ ಪರೀಕ್ಷೆಗೆಂದು ಆಶ್ಚರ್ಯ.

ಹಾಗಾದರೆ ಸುಖಕ್ಕಾಗಿ ಓದುವವರು ಇರಲಿಲ್ಲವೆ? ಇದ್ದರು, ಅಪಾರ ಸಂಖ್ಯೆಯಲ್ಲಿದ್ದರು. ಆದರೆ ಅವರು ಕೊಳ್ಳುತ್ತಿರಲಿಲ್ಲ, ಬಾಡಿಗೆಗೆ ತರುತ್ತಿದ್ದರು. 1990ರ ದಶಕದವರೆಗೂ ಕರ್ನಾಟಕದ ಯಾವ ತಾಲ್ಲೂಕು ಕೇಂದ್ರಕ್ಕೆ ಹೋದರೂ ಬಸ್‌ ನಿಲ್ದಾಣದಿಂದ ಕೂಗಳತೆಯಲ್ಲಿ ಒಂದು ‘ಸರ್ಕ್ಯುಲೇಟಿಂಗ್ ಲೈಬ್ರರಿ’ ಕಾಣುತ್ತಿತ್ತು. ಕಂದು ಕಾಗದದ ಹೊದಿಕೆ, ಬೆನ್ನಿಗೆ ದಪ್ಪ ದಾರದ ಹೊಲಿಗೆ, ಮೂವತ್ತನೆಯ ಪುಟದಲ್ಲಿ ಅಂಗಡಿಯ ಮುದ್ರೆ. ತ್ರಿವೇಣಿ, ಎಂ. ಕೆ. ಇಂದಿರಾ, ಅನುಪಮಾ ನಿರಂಜನ, ಟಿ. ಕೆ. ರಾಮರಾವ್, ಸಾಯಿಸುತೆ, ತೆಲುಗಿನಿಂದ ಬಂದ ಯಂಡಮೂರಿ ವೀರೇಂದ್ರನಾಥ್ ಇವರೆಲ್ಲ ಮನೆ ಮನೆ ತಿರುಗಿದ್ದು ಈ ದಾರಿಯಿಂದ. ಒಂದು ಪ್ರತಿಯನ್ನು ಐವತ್ತು ಮನೆ ಓದುತ್ತಿತ್ತು. ಪ್ರಕಾಶಕನ ಪುಸ್ತಕದಲ್ಲಿ ಅದು ಒಂದೇ ಪ್ರತಿ.

ಈ ಓದುಗರ ಬಗ್ಗೆ, ಅದರಲ್ಲೂ ಓದುಗಿತ್ತಿಯರ ಬಗ್ಗೆ, ನಮ್ಮ ವಿಮರ್ಶಕರು ಆಡಿದ ಮಾತುಗಳು ಸಣ್ಣವು. ‘ಅಡಿಗೆಮನೆ ಸಾಹಿತ್ಯ’ ಎಂಬ ಹಂಗಿಸುವಿಕೆ ಎಷ್ಟು ಕಾಲ ನಡೆಯಿತು! ಹಂಗಿಸಿದವರ ವಿಮರ್ಶಾ ಸಂಕಲನಗಳನ್ನು ಬಾಡಿಗೆ ಕೊಟ್ಟು ಯಾರೂ ಓದಲಿಲ್ಲ ಎಂಬುದು ಬೇರೆ ಮಾತು. ‘ಸುಧಾ’ದ ಧಾರಾವಾಹಿಗಾಗಿ ವಾರವಿಡೀ ಕಾದು, ಕಂತುಗಳನ್ನು ಕತ್ತರಿಸಿ, ಸೂಜಿ ದಾರದಿಂದ ಹೊಲಿದು ಪುಸ್ತಕ ಮಾಡಿಟ್ಟ ಗೃಹಿಣಿ ಈ ದೇಶದ ಅತ್ಯುತ್ತಮ ಓದುಗರಲ್ಲಿ ಒಬ್ಬಳೆಂದು ನಾವು ತಿಳಿದಿದ್ದೇವೆ. ಆಕೆಯ ಕೈಗೆ ಕಾಸು ಇರಲಿಲ್ಲ, ಆಕೆಯ ಊರಿನಲ್ಲಿ ಪುಸ್ತಕದ ಅಂಗಡಿ ಇರಲಿಲ್ಲ. ರುಚಿ ಇರಲಿಲ್ಲವೆಂದು ಹೇಳುವ ಅಧಿಕಾರ ಯಾರಿಗೂ ಇಲ್ಲ.

ಹಿಂದಿಯ ಕಡೆ ನೋಡಿದರೂ ಕಥೆ ಇದೇ. 1877ರಲ್ಲಿ ಅಲಹಾಬಾದಿನಲ್ಲಿ ಆರಂಭವಾದ ಎ. ಎಚ್. ವ್ಹೀಲರ್ ಕಂಪನಿಯ ಮಳಿಗೆಗಳು ಉತ್ತರದ ರೈಲು ನಿಲ್ದಾಣಗಳಲ್ಲಿ ಓದಿನ ಒಂದು ಲೋಕವನ್ನೇ ಕಟ್ಟಿದವು. ದಕ್ಷಿಣದಲ್ಲಿ ಆ ಕೆಲಸ ಮದರಾಸಿನ ಹಿಗಿನ್‌ಬಾಥಮ್ಸ್‌ನದು. 1958ರಲ್ಲಿ ದೀನಾನಾಥ್ ಮಲ್ಹೋತ್ರಾ ಅವರು ಹಿಂದ್ ಪಾಕೆಟ್ ಬುಕ್ಸ್ ತೆರೆದು, ಅಗ್ಗದ ಪುಸ್ತಕಗಳನ್ನು ‘ಘರೇಲೂ ಲೈಬ್ರರಿ ಯೋಜನಾ’ ಎಂಬ ಹೆಸರಿನಲ್ಲಿ ಅಂಚೆಯ ಮೂಲಕ ಮನೆಗಳಿಗೇ ಕಳಿಸತೊಡಗಿದರು. ಗುಲ್ಶನ್ ನಂದಾ ಅವರ ‘ಝೀಲ್ ಕೇ ಉಸ್ ಪಾರ್’ ಮೊದಲ ಮುದ್ರಣವೇ ಐದು ಲಕ್ಷ ಪ್ರತಿ ಎಂಬ ಮಾತು ಪ್ರಸಿದ್ಧವಾಗಿದೆ. 1973ರಲ್ಲಿ ಅದು ಸಿನಿಮಾ ಕೂಡ ಆಯಿತು. ಐದು ಲಕ್ಷದಲ್ಲಿ ಪ್ರಚಾರದ ಪಾಲನ್ನು ಅರ್ಧ ಕಳೆದರೂ ಉಳಿಯುವುದು ನಮ್ಮ ಇನ್ನೂರೈವತ್ತು ಕಾದಂಬರಿಗಳ ಒಟ್ಟು ಮುದ್ರಣ. ರೈಲು ಹೊರಡುವ ಐದು ನಿಮಿಷದಲ್ಲಿ ಕೈಗೆ ಸಿಕ್ಕುವಂತಿತ್ತು, ಚಹದ ಜೊತೆಗೆ ಕೊಳ್ಳುವ ಬೆಲೆಯಲ್ಲಿತ್ತು, ಅಷ್ಟೇ. 1923ರಿಂದ ಗೋರಖಪುರದ ಗೀತಾ ಪ್ರೆಸ್ ನಡೆಸಿಕೊಂಡು ಬಂದದ್ದೂ ಇದೇ ಉಪಾಯ: ಎದುರಿಗಿಡು, ಅಗ್ಗಕ್ಕೆ ಕೊಡು.

ಇಲ್ಲಿ ನಾವು ಕನ್ನಡಿಗರು ತಲೆ ತಗ್ಗಿಸಬೇಕಾದ ಕಾರಣವಿಲ್ಲ. ಹಿಂದ್ ಪಾಕೆಟ್ ಬುಕ್ಸ್‌ಗೆ ಕಾಲು ಶತಮಾನ ಮೊದಲೇ, 1933ರಲ್ಲಿ, ಧಾರವಾಡದ ಜಿ. ಬಿ. ಜೋಶಿಯವರು ಮನೋಹರ ಗ್ರಂಥಮಾಲೆಯನ್ನು ಆರಂಭಿಸಿ, ಮುಂಗಡ ಚಂದಾ ಪಡೆದು ವರ್ಷವರ್ಷವೂ ಓದುಗರ ಮನೆಗೆ ಪುಸ್ತಕ ಮುಟ್ಟಿಸುವ ಪದ್ಧತಿಯನ್ನು ನೆಲೆಗೊಳಿಸಿದರು. ಅದಕ್ಕೂ ಹಿಂದೆ ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ಹೊತ್ತು ಊರೂರು ತಿರುಗಿ ಮಾರಿದರು. ಗಳಗನಾಥರ ಕಥೆಯನ್ನು ಹೇಳಿ ಕಣ್ಣೊರೆಸಿಕೊಳ್ಳುವುದು ನಮ್ಮ ವೇದಿಕೆಗಳಲ್ಲಿ ರೂಢಿ. ಆದರೆ ಗ್ರಂಥಮಾಲೆಯ ಕಥೆ ಹೆಚ್ಚು ಮುಖ್ಯವೆಂದು ನಮಗೆ ತೋರುತ್ತದೆ. ಏಕೆ ಹೇಳುತ್ತೇವೆ.

ಅನಂತಮೂರ್ತಿಯವರ ‘ಸಂಸ್ಕಾರ’ 1965ರಲ್ಲಿ ಪ್ರಕಟವಾದದ್ದು ಈ ಮಾಲೆಯಲ್ಲಿ. ಕಾರ್ನಾಡರ ಆರಂಭದ ನಾಟಕಗಳೂ ಅಲ್ಲಿಂದಲೇ ಹೊರಬಂದವು. ಹುಬ್ಬಳ್ಳಿಯ ಒಬ್ಬ ಶಾಲಾ ಮಾಸ್ತರರೋ ಬೆಳಗಾವಿಯ ಒಬ್ಬ ಹತ್ತಿಯ ವ್ಯಾಪಾರಿಯೋ ಆ ವರ್ಷದ ಚಂದಾದಾರರಾಗಿದ್ದರೆ, ‘ಸಂಸ್ಕಾರ’ವನ್ನು ಅವರು ಆರಿಸಿಕೊಳ್ಳಲಿಲ್ಲ, ಅಂಚೆಯವನು ತಂದುಕೊಟ್ಟ. ಅಂಗಡಿಯಲ್ಲಿ ಹಿಂಬದಿ ಓದಿ ಆರಿಸುವ ಸಂದರ್ಭ ಬಂದಿದ್ದರೆ ಅವರಲ್ಲಿ ಹಲವರು ಅದನ್ನು ಅಲ್ಲೇ ಇಟ್ಟು ಬರುತ್ತಿದ್ದರೇನೋ. ಮನೆಗೆ ಬಂದು ಬಿದ್ದದ್ದನ್ನು ಓದಿದರು, ಸಿಟ್ಟಾದರು, ನೆರೆಯವರಿಗೆ ಕೊಟ್ಟರು. ಅಭಿರುಚಿ ಹುಟ್ಟಿದ್ದು ಹಾಗೆ. ಓದುಗನಿಗೆ ಬೇಕಾದದ್ದನ್ನೇ ಕೊಡುತ್ತೇವೆ ಎಂದು ಇಂದು ಮೊಬೈಲಿನ ವ್ಯಾಪಾರಿಗಳು ಹೇಳುತ್ತಾರೆ. ನೀವು ಇದನ್ನು ಕೊಂಡಿರಿ, ಆದ್ದರಿಂದ ಇಂಥದೇ ಇನ್ನೊಂದನ್ನು ಕೊಳ್ಳಿರಿ ಎಂದು ಯಂತ್ರವೇ ಸಲಹೆ ಮಾಡುತ್ತದೆ. ಜೋಶಿಯವರು ಈ ಉಪಚಾರವನ್ನು ಮಾಡಲಿಲ್ಲ. ಬೇಂದ್ರೆಯವರನ್ನು ಬಯಸಿ ಚಂದಾ ಕಟ್ಟಿದವನಿಗೆ ಅನಂತಮೂರ್ತಿಯವರನ್ನೂ ಕಟ್ಟಿಕೊಟ್ಟರು.

ಈಗ ಮೂರನೆಯ ಬಗೆಯ ಕೊಳ್ಳುವವನ ಬಳಿಗೆ ಬರೋಣ. ಇವನು ಎಲ್ಲರಿಗಿಂತ ದೊಡ್ಡ ಗಿರಾಕಿ, ಇವನಿಗೆ ಕಣ್ಣಿಲ್ಲ. ಸರ್ಕಾರವೆಂದು ಇವನ ಹೆಸರು.

ಕರ್ನಾಟಕದಲ್ಲಿ 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ ಒಳ್ಳೆಯ ಕಾಯಿದೆ. ಆಸ್ತಿ ತೆರಿಗೆಯ ಮೇಲೆ ಶೇಕಡಾ 6ರಷ್ಟು ಗ್ರಂಥಾಲಯ ಕರ ವಸೂಲಾಗುತ್ತದೆ. ಸಗಟು ಖರೀದಿಯ ಯೋಜನೆಯಲ್ಲಿ ಆಯ್ಕೆಯಾದ ಪುಸ್ತಕದ 300 ಪ್ರತಿಗಳನ್ನು ಗ್ರಂಥಾಲಯ ಇಲಾಖೆ ಕೊಳ್ಳುವುದು ರೂಢಿ. ಈ 300 ಇಲ್ಲದಿದ್ದರೆ ಕನ್ನಡದ ಎಷ್ಟೋ ಕವನ ಸಂಕಲನಗಳು, ಎಷ್ಟೋ ಸಂಶೋಧನ ಗ್ರಂಥಗಳು ಅಚ್ಚಿನ ಮುಖ ಕಾಣುತ್ತಿರಲಿಲ್ಲವೆಂಬುದನ್ನು ಒಪ್ಪಲೇಬೇಕು. ಆದರೆ ಇದರ ಇನ್ನೊಂದು ಫಲವೂ ಇದೆ. ಸಾವಿರದಲ್ಲಿ ಮುನ್ನೂರು ಒಂದೇ ಬಾಗಿಲಿಗೆ ಹೋದರೆ ಹಾಕಿದ ಬಂಡವಾಳ ಬಹುಮಟ್ಟಿಗೆ ಹಿಂದಿರುಗುತ್ತದೆ. ಉಳಿದ ಏಳುನೂರನ್ನು ಮಾರಲು ಗಳಗನಾಥರಂತೆ ಗಂಟು ಹೊರುವ ಅವಶ್ಯಕತೆ ಯಾರಿಗಿದೆ? ಪುಟ ಹೆಚ್ಚಿದರೆ ದರ ಹೆಚ್ಚು. ಆದ್ದರಿಂದ ಅಕ್ಷರ ದಪ್ಪವಾಗುತ್ತದೆ, ಅಂಚು ಅಗಲವಾಗುತ್ತದೆ. ಓದುಗನ ಕಣ್ಣಿಗೆ ಅನುಕೂಲವೆಂದು ನಾವು ಸಮಾಧಾನ ಪಟ್ಟುಕೊಳ್ಳಬಹುದು.

ಹಿಂದಿಯವರದು ಇದರ ಅಣ್ಣ. ಕೇಂದ್ರ ಸರ್ಕಾರದ ರಾಜಭಾಷಾ ವಾರ್ಷಿಕ ಕಾರ್ಯಕ್ರಮದ ಪ್ರಕಾರ ಕಛೇರಿಯ ಗ್ರಂಥಾಲಯ ವೆಚ್ಚದಲ್ಲಿ, ನಿಯತಕಾಲಿಕ ಮತ್ತು ಆಕರಗ್ರಂಥಗಳನ್ನು ಬಿಟ್ಟು, ಅರ್ಧದಷ್ಟು ಹಿಂದಿ ಪುಸ್ತಕಗಳಿಗೆ ಸಲ್ಲಬೇಕು. ಉದ್ದೇಶದ ಬಗ್ಗೆ ನಮ್ಮ ತಕರಾರಿಲ್ಲ. ಆದರೆ ಮಾರ್ಚ್ ತಿಂಗಳ ಕೊನೆಯ ವಾರದಲ್ಲಿ ಅನುದಾನ ಮುಗಿಸುವ ಆತುರದಲ್ಲಿ ಈ ಪುಸ್ತಕಗಳು ಬರುವ ಬಗೆಯನ್ನು ಕಛೇರಿಯೊಂದರಲ್ಲಿ ನಾವು ಕಣ್ಣಾರೆ ಕಂಡಿದ್ದೇವೆ. ಟೆಂಪೋದಲ್ಲಿ ಬಂದವು, ಪಟ್ಟಿಯೊಡನೆ ತಾಳೆ ನೋಡಿದ್ದಾಯಿತು, ನೋಂದಣಿ ಸಂಖ್ಯೆ ಬಿತ್ತು, ಗಾಜಿನ ಬೀರುವಿಗೆ ಬೀಗವೂ ಬಿತ್ತು. ಬೀಗದ ಕೈ ಯಾರ ಬಳಿ ಇದೆಯೋ ಅವರು ರಜೆಯಲ್ಲಿದ್ದರು. ಅದರೊಳಗೆ ಪ್ರೇಮಚಂದರೂ ಇದ್ದರು, ಮಧುಮೇಹಕ್ಕೆ ಮನೆಮದ್ದೂ ಇತ್ತು. ಪ್ರೇಮಚಂದರ ಪುಟಗಳು ಇನ್ನೂ ಒಂದಕ್ಕೊಂದು ಅಂಟಿಕೊಂಡೇ ಇದ್ದವು. ಹಿಂದಿಯ ಪ್ರಕಾಶಕರು ಗಟ್ಟಿ ರಟ್ಟಿನ ಪ್ರತಿಗೆ ಒಂದು ಬೆಲೆ, ಮೆದು ರಟ್ಟಿಗೆ ಅದರ ಅರ್ಧ ಬೆಲೆ ಇಡುವುದರ ರಹಸ್ಯ ಈ ಬೀರುವಿನಲ್ಲಿದೆ.

ಇನ್ನು ಬೆಲೆ. ‘ಒಂದು ಸಿನಿಮಾಕ್ಕೆ ಸಾವಿರ ರೂಪಾಯಿ ಸುರಿಯುತ್ತಾರೆ, 200 ರೂಪಾಯಿಯ ಪುಸ್ತಕ ಕೊಳ್ಳಲು ಅಳುತ್ತಾರೆ’ ಎಂಬ ದೂರನ್ನು ಎಲ್ಲರೂ ಕೇಳಿದ್ದೇವೆ. ಹೋಲಿಕೆ ಸರಿಯಲ್ಲ. ಸಿನಿಮಾ ಬಂದಿದೆ ಎಂಬುದು ಎಲ್ಲರಿಗೂ ಗೊತ್ತಿರುತ್ತದೆ. ಪುಸ್ತಕ ಬಂದಿದೆ ಎಂಬುದನ್ನು ಲೇಖಕನ ಬಂಧುಗಳೂ ಕೆಲವೊಮ್ಮೆ ಅರಿಯರು. ಕಣ್ಣಿಗೆ ಬೀಳದ ವಸ್ತುವನ್ನು ಯಾವ ಬೆಲೆಗೂ ಯಾರೂ ಕೊಳ್ಳರು. ಮುಂಬಯಿಯ ಟಿ. ಎನ್. ಶಾನಭಾಗರು (ಹೆಸರು ಕೇಳಿದರೆ ಸಾಕು, ನಮ್ಮ ಕರಾವಳಿ ನೆನಪಾಗುತ್ತದೆ) ಇದನ್ನು ಬಲ್ಲವರಾಗಿದ್ದರು. 1948ರಲ್ಲಿ ಸ್ಟ್ರಾಂಡ್ ಚಿತ್ರಮಂದಿರದ ಒಂದು ಮೂಲೆಯಲ್ಲಿ ಆರಂಭಿಸಿದ ಅವರ ಪುಸ್ತಕದ ಅಂಗಡಿ ಮುಂದೆ ಫೋರ್ಟ್ ಪ್ರದೇಶದಲ್ಲಿ ನೆಲೆಯೂರಿತು. ಗಿರಾಕಿ ಪುಸ್ತಕವನ್ನು ಮುಟ್ಟಬಹುದು, ತೆರೆಯಬಹುದು, ನಿಂತು ಓದಬಹುದು. ಕೊಂಡರೆ ಎಲ್ಲರಿಗೂ ರಿಯಾಯಿತಿ. 2003ರಲ್ಲಿ ಪದ್ಮಶ್ರೀ ಬಂತು. 2009ರಲ್ಲಿ ಅವರು ತೀರಿಕೊಂಡರು. 2018ರಲ್ಲಿ ಅಂಗಡಿಯೂ ಮುಚ್ಚಿತು. ಮುಚ್ಚಿದ ವಾರ ಮುಂಬಯಿಯ ಪತ್ರಿಕೆಗಳಲ್ಲಿ ಶೋಕಲೇಖನಗಳ ಸಾಲೇ ಬಂತು. ಅವನ್ನು ಬರೆದವರಲ್ಲಿ ಎಷ್ಟು ಮಂದಿ ಕೊನೆಯ ಐದು ವರ್ಷ ಅಲ್ಲಿಂದ ಕೊಂಡಿದ್ದರು ಎಂದು ಕೇಳುವುದು ಮರ್ಯಾದೆಯಲ್ಲ.

ಕಣ್ಣಿಗೆ ಬಿದ್ದರೆ ಜನ ಕೊಳ್ಳುತ್ತಾರೆಂಬುದಕ್ಕೆ ನಮ್ಮ ವಿಜ್ಞಾನದ ವಿದ್ಯಾರ್ಥಿಗಳೇ ಸಾಕ್ಷಿ. ಮಾಸ್ಕೋದ ಮೀರ್ ಪ್ರಕಾಶನದ ಪುಸ್ತಕಗಳು ನವಕರ್ನಾಟಕದಂಥ ಮಳಿಗೆಗಳಲ್ಲಿ, ಸಂಚಾರಿ ಪ್ರದರ್ಶನಗಳಲ್ಲಿ ಊಟದ ಬೆಲೆಗಿಂತ ಕಡಿಮೆಗೆ ಸಿಗುತ್ತಿದ್ದವು. ಪೆರೆಲ್ಮಾನರ ಮನರಂಜನೆಯ ಭೌತಶಾಸ್ತ್ರವನ್ನು ಸಣ್ಣ ಊರಿನ ಹುಡುಗರು ಪರೀಕ್ಷೆಗೆ ಬಾರದಿದ್ದರೂ ಓದಿದರು. 1991ರಲ್ಲಿ ಸೋವಿಯತ್ ಒಕ್ಕೂಟ ಕುಸಿದ ಮೇಲೆ ಉಳಿದ ದಾಸ್ತಾನು ಕೆಲವು ವರ್ಷ ನಡೆಯಿತು. ನಮ್ಮ ತಲೆಮಾರಿನವರ ಕೈಗೆ ಸಿಕ್ಕಿದ್ದು ಆ ಕೊನೆಯ ದಾಸ್ತಾನು.

ಹೊರನಾಡಿನಲ್ಲಿರುವ ನಮ್ಮ ಸ್ಥಿತಿ ಇನ್ನೂ ವಿಚಿತ್ರ. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕರ ಕತೆಗಳಿಗೆ, ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ಗೆ, ಅಂತರರಾಷ್ಟ್ರೀಯ ಬೂಕರ್ ಬಂದಾಗ ನಮ್ಮ ಬಡಾವಣೆಗಳಲ್ಲಿ ಹಬ್ಬದ ಸಂಭ್ರಮವಾಯಿತು, ಆಗಬೇಕಾದದ್ದೇ. ಪರಿಚಯದ ಏಳೆಂಟು ಮನೆಗಳಲ್ಲಿ ಪುಸ್ತಕವನ್ನು ಕೂಡಲೇ ತರಿಸಿದರು. ಎಲ್ಲರೂ ತರಿಸಿದ್ದು ಇಂಗ್ಲಿಷಿನದು. ಅದರಲ್ಲಿರುವ ಹನ್ನೆರಡು ಕತೆಗಳು 1990ರಿಂದ ಮೂರು ದಶಕಗಳ ಉದ್ದಕ್ಕೂ ಕನ್ನಡದಲ್ಲಿ ಬಂದವು. ಕನ್ನಡ ಓದಬಲ್ಲವರು ಅವನ್ನು ಇಂಗ್ಲಿಷಿನಲ್ಲಿ ಕೊಂಡರು. ಕೇಳಿದರೆ ಉತ್ತರ ಸಿದ್ಧ: ‘ಮಕ್ಕಳೂ ಓದಬಹುದಲ್ಲ.’ ಮಾತು ಸುಳ್ಳಲ್ಲ. ಇಲ್ಲಿ ಹುಟ್ಟಿದ ಮಕ್ಕಳು ಕನ್ನಡ ಆಡಬಲ್ಲರು, ಓದಲಾರರು. ಅವರ ಮುಂದಿನವರು ಆಡಲೂ ಆರರು. ಪುಣೆಯ ಮರಾಠಿ ಮನೆಗಳಲ್ಲಿ ಉಮಾ ಕುಲಕರ್ಣಿಯವರ ಅನುವಾದದ ಮೂಲಕ ಭೈರಪ್ಪನವರನ್ನು ತಮ್ಮವರೇ ಎಂಬಷ್ಟು ಓದುತ್ತಾರೆ. ಅದೇ ಬೀದಿಯ ಕನ್ನಡದ ಹುಡುಗ ಮರಾಠಿಯಲ್ಲಿ ‘ಪರ್ವ’ ಓದುತ್ತಾನೆಂದರೆ ಅವನು ಇನ್ನೂ ಅದೃಷ್ಟವಂತ.

ನಮ್ಮಲ್ಲಿ ಕನ್ನಡ ಪುಸ್ತಕ ಮಾರಾಟವಾಗುವುದು ಸಂಘದ ಸಭಾಂಗಣದಲ್ಲಿ, ಲೇಖಕರು ಎದುರಿಗೆ ನಿಂತಿರುವಾಗ. ಊರಿನಿಂದ ಸೂಟ್‌ಕೇಸಿನಲ್ಲಿ ಹೊತ್ತು ತಂದವರ ಮುಖ ನೋಡಿ ದಾಕ್ಷಿಣ್ಯಕ್ಕೆ ಕೊಳ್ಳುತ್ತಾರೆ. ಪದಾಧಿಕಾರಿಗಳಾದವರಿಗೆ ಗೌರವಪ್ರತಿ, ಅವರು ಕೊಳ್ಳುವುದಿಲ್ಲ. ಸಂಘದ ಗ್ರಂಥಾಲಯದ ಎರವಲು ಪುಸ್ತಕವನ್ನು ನಾವು ಕಳೆದ ತಿಂಗಳು ತಿರುವಿ ನೋಡಿದೆವು. ಒಂದು ವರ್ಷದಲ್ಲಿ ಪುಸ್ತಕ ಒಯ್ದವರು ನಲವತ್ತೊಂದು ಮಂದಿ, ಅವರಲ್ಲಿ ಇಪ್ಪತ್ತೊಂಬತ್ತು ಮಂದಿ ಮಹಿಳೆಯರು. ಐವತ್ತು ದಾಟದವರು ಆರೇ ಮಂದಿ. ಅತಿ ಹೆಚ್ಚು ಸಲ ಹೊರಗೆ ಹೋದದ್ದು ತ್ರಿವೇಣಿಯವರ ಪುಸ್ತಕ. ದಾಕ್ಷಿಣ್ಯಕ್ಕೆ ಕೊಂಡು ಆಮೇಲೆ ಸಂಘಕ್ಕೆ ದಾನ ಮಾಡಿದ ಪುಸ್ತಕಗಳ ಬೀರುವಿನಿಂದ ಒಂದೂ ಕದಲಿಲ್ಲ.

ಬೇಕೆಂದು ತರಿಸುವವನ ಪಾಡೋ? ಒಬ್ಬ ಪ್ರಕಾಶಕರಿಗೆ ಹಣ ಕಳಿಸಿ ನಾಲ್ಕು ತಿಂಗಳು ಕಾದು, ಕೊನೆಗೆ ಬೇರೆಯದೇ ಪುಸ್ತಕ ಬಂದದ್ದನ್ನು ಸ್ನೇಹಿತರೊಬ್ಬರು ಹೇಳಿ ನಗುತ್ತಾರೆ. ಅಂಚೆಯ ನೋಂದಾಯಿತ ಬುಕ್‌ ಪೋಸ್ಟ್ ನಮ್ಮಂಥವರ ಜೀವನಾಡಿಯಾಗಿತ್ತು. 2024ರ ಡಿಸೆಂಬರಿನಲ್ಲಿ ಅದನ್ನು ಸದ್ದಿಲ್ಲದೆ ನಿಲ್ಲಿಸಿದರು. ಪ್ರಕಾಶಕರೆಲ್ಲ ಕೂಗಿಕೊಂಡರು. 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ಎಂಬ ಸೇವೆ ಬಂತು: ಪಠ್ಯಪುಸ್ತಕ, ಸ್ಪರ್ಧಾಪರೀಕ್ಷೆಯ ಪುಸ್ತಕ, ಸಾಂಸ್ಕೃತಿಕ ಹಾಗೂ ಧಾರ್ಮಿಕ ಪುಸ್ತಕಗಳಿಗೆ 300 ಗ್ರಾಮಿಗೆ 20 ರೂಪಾಯಿ, 5 ಕಿಲೋದವರೆಗೆ 100 ರೂಪಾಯಿ, ತೆರಿಗೆ ಬೇರೆ ಎಂದು ಆರಂಭದ ದರ ಗೊತ್ತಾಯಿತು. ಪರೀಕ್ಷೆಯ ಪುಸ್ತಕಕ್ಕೆ ಇಲ್ಲಿಯೂ ಅಗ್ರಪೂಜೆ.

ಈ ದರದಲ್ಲೇ ಒಂದು ಹಾದಿ ನಮಗೆ ಕಾಣುತ್ತದೆ. ಇನ್ನೂರು ಪುಟದ ಪುಸ್ತಕ ಸುಮಾರು ಕಾಲು ಕಿಲೋ ತೂಗುತ್ತದೆ. ಒಬ್ಬೊಬ್ಬರೇ ತರಿಸಿದರೆ ತಲೆಗೆ 20 ರೂಪಾಯಿ. ಇಪ್ಪತ್ತು ಮಂದಿ ಸೇರಿ ಒಂದೇ ಕಟ್ಟಿನಲ್ಲಿ ತರಿಸಿದರೆ ತಲೆಗೆ ಐದೇ ರೂಪಾಯಿ. ತಿಂಗಳಿಗೊಂದು ಕಟ್ಟು, ಪ್ರತಿ ಕಟ್ಟಿನಲ್ಲೂ ಎಲ್ಲರೂ ಓದಿ ಕೈಬದಲಾಯಿಸಲೆಂದು ಯಾರೂ ಕೇಳದ ಒಂದು ಪುಸ್ತಕ, ಜೋಶಿಯವರ ಪದ್ಧತಿಯಂತೆ. ಕಾರ್ಯದರ್ಶಿಗಳು ಸಮ್ಮತಿಸಿ ಸೂಚನಾ ಫಲಕದಲ್ಲಿ ಹಾಳೆ ಅಂಟಿಸಿದ್ದಾರೆ. ಮೊದಲ ಪಟ್ಟಿಗೆ ಈವರೆಗೆ ಹದಿನೇಳು ಬೇಡಿಕೆಗಳು ಬಂದಿವೆ: ಭೈರಪ್ಪನವರದು ಐದು, ತೇಜಸ್ವಿಯವರದು ಮೂರು, ಡಿ.ವಿ.ಜಿ.ಯವರ ಕಗ್ಗ ಎರಡು, ಅಡಿಗೆಯದು ಒಂದು, ಬಾನು ಮುಷ್ತಾಕರದು ಒಂದು (ಕನ್ನಡದ್ದೇ), ಮತ್ತು ಒಂಟಿಕೊಪ್ಪಲ್ ಪಂಚಾಂಗ ಐದು. ಇನ್ನು ಮೂರು ಹೆಸರು ಬಂದರೆ ಕಟ್ಟು ತುಂಬುತ್ತದೆ. ಹಾಳೆ 25ನೇ ತಾರೀಖಿನವರೆಗೆ ಅಲ್ಲೇ ಇರುತ್ತದೆ.